ಟಿವಿಯ ಸದ್ದಿನ ನಡುವೆ ಟಿವಿಗೆ ಹೇಳುವ ಮಾತು

ಮನೆಯ ಟಿವಿ, ಸ್ಪೀಕರ್, ಸೆಟ್‌ಟಾಪ್ ಬಾಕ್ಸ್‌ಗಳನ್ನು ಬಾಯಿಮಾತಿನಲ್ಲೇ ನಡೆಸುವ ವ್ಯವಸ್ಥೆಗೆ ಗೊತ್ತಿರಬೇಕಾದ ಅಪ್ಪಣೆಗಳು ಕೆಲವೇ: ಹಾಕು, ನಿಲ್ಲಿಸು, ಮುಂದಿನದು, ಸದ್ದು ಕಮ್ಮಿ. ಇಷ್ಟೇ ಪದಗಳನ್ನು ಗುರುತಿಸಬಲ್ಲ ಯಂತ್ರ 1960ರ ದಶಕದಲ್ಲೇ ಇತ್ತು. ಆದರೂ ಸೋಫಾದ ಮೇಲೆ ಕೂತವರ ಮಾತನ್ನು ಮನೆಯ ಪೆಟ್ಟಿಗೆ ಕೇಳಿಸಿಕೊಳ್ಳಲು 2010 ಬರಬೇಕಾಯಿತು. ತೊಡಕಿದ್ದದ್ದು ಪದಗಳಲ್ಲಲ್ಲ, ಕೋಣೆಯಲ್ಲಿ. ಅಪ್ಪಣೆ ಪಾಲಿಸಬೇಕಾದ ಪೆಟ್ಟಿಗೆಯೇ ಅಲ್ಲಿನ ಅತಿ ದೊಡ್ಡ ಗದ್ದಲ; ಅದೂ ಬರೀ ಗದ್ದಲವಲ್ಲ, ಬಹುಪಾಲು ಮನುಷ್ಯರ ಮಾತೇ.

ಅಂಕಿಯಿಂದ ಹಾಡಿನವರೆಗೆ

1952ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ರೂಪಿಸಿದ ‘ಆಡ್ರಿ’ ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳನ್ನು ಗುರುತಿಸುತ್ತಿತ್ತು, ಅದೂ ತನಗೆ ಪರಿಚಯವಿದ್ದ ದನಿಯಲ್ಲಿ ಹೇಳಿದರೆ. ಹತ್ತು ವರ್ಷದ ನಂತರ ಸಿಯಾಟಲ್ ವಿಶ್ವಮೇಳದಲ್ಲಿ ಐಬಿಎಂ ತೋರಿಸಿದ ‘ಶೂಬಾಕ್ಸ್’ಗೆ 16 ಪದ ಬರುತ್ತಿತ್ತು. 1976ರ ಹೊತ್ತಿಗೆ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ‘ಹಾರ್ಪಿ’ ಸಾವಿರದ ಗಡಿ ದಾಟಿ 1,011 ಪದ ಕಲಿತಿತ್ತು. ಅಲ್ಲಿನ ತಂಡ ಕಟ್ಟಿದವರು ಚಿತ್ತೂರು ಜಿಲ್ಲೆಯಲ್ಲಿ ಹುಟ್ಟಿದ ರಾಜ್ ರೆಡ್ಡಿ. 1994ರಲ್ಲಿ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಬಂತು. ಇವೆಲ್ಲ ಪ್ರಯೋಗಾಲಯದ ಕೂಸುಗಳು. ಹಾಲ್‌ನ ಇನ್ನೊಂದು ತುದಿಯಿಂದ ಕೂಗಿ ಹೇಳಿದ್ದನ್ನು ಕೇಳಿಸಿಕೊಳ್ಳುವುದು ಅವುಗಳ ಕೆಲಸವಾಗಿರಲಿಲ್ಲ.

ಆ ದೂರವನ್ನು ಮನೆಯೊಳಗೆ ದಾಟಲು ಹೊರಟ ಮೊದಲ ಸಾಧನಗಳಲ್ಲಿ ಒಂದು ಮೈಕ್ರೋಸಾಫ್ಟ್‌ನ ಕೈನೆಕ್ಟ್. 2010ರ ನವೆಂಬರ್‌ನಲ್ಲಿ ಬಂದ ಅದರಲ್ಲಿ ನಾಲ್ಕು ಮೈಕ್‌ಗಳಿದ್ದವು. ಸಿನಿಮಾವನ್ನು ಮಾತಿನಿಂದಲೇ ತಡೆದು ನಿಲ್ಲಿಸಬಹುದಿತ್ತು. 2014ರ ಅಮೆಜಾನ್ ಎಕೋ ಸ್ಪೀಕರ್‌ನಲ್ಲಿ ಮೈಕ್‌ಗಳ ಸಂಖ್ಯೆ ಏಳಾಯಿತು. ಭಾರತಕ್ಕೆ ಎಕೋ ಬಂದದ್ದು 2017ರಲ್ಲಿ.

ತನ್ನ ಸದ್ದನ್ನು ತಾನೇ ಕಳೆಯುವುದು

ಸ್ಪೀಕರ್ ಹಾಡುತ್ತಿರುವಾಗ ಅದರ ಮೈಕ್‌ಗೆ ಮೊದಲು ಕೇಳುವುದು ಆ ಹಾಡೇ. ಆದರೆ ತಾನು ಏನು ನುಡಿಸುತ್ತಿದ್ದೇನೆ ಎಂಬುದು ಯಂತ್ರಕ್ಕೆ ಗೊತ್ತು. ಆ ಸಂಕೇತ ಗೋಡೆ, ಪರದೆ, ಬೀರುಗಳಿಗೆ ಬಡಿದು ಮೈಕ್‌ಗೆ ಮರಳುವಾಗ ಹೇಗೆ ಬದಲಾಗಿರುತ್ತದೆ ಎಂದು ಅದು ಕ್ಷಣಕ್ಷಣವೂ ಅಂದಾಜು ಮಾಡಿ, ಅಷ್ಟನ್ನು ಕಳೆಯುತ್ತದೆ. ಉಳಿದದ್ದರಲ್ಲಿ ನಿಮ್ಮ ದನಿ ಇರುತ್ತದೆ. ಪ್ರತಿಧ್ವನಿ ನಿವಾರಣೆ ಎನ್ನುವ ಈ ತಂತ್ರ ಹುಟ್ಟಿದ್ದು ಟಿವಿಗಾಗಿ ಅಲ್ಲ, ದೂರದ ಟೆಲಿಫೋನ್ ಕರೆಗಳಲ್ಲಿ ತಮ್ಮ ಮಾತು ತಮಗೇ ಮರಳಿ ಕೇಳುವ ಕಾಟ ತಪ್ಪಿಸಲು. ಇದರ ಪ್ರಮುಖ ಪ್ರಬಂಧವೊಂದು 1967ರಲ್ಲಿ ಬೆಲ್ ಲ್ಯಾಬ್ಸ್‌ನಿಂದ ಬಂತು. ಬರೆದ ಮನ್ ಮೋಹನ್ ಸೋಂಧಿ ಓದಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಹೌದು. ಇಂದು ಮಾತು ಕೇಳುವ ಪ್ರತಿ ಸ್ಪೀಕರ್‌ನಲ್ಲೂ ಆ ವಿಚಾರದ ವಂಶಜನೊಬ್ಬ ಇದ್ದಾನೆ ಎನ್ನಬಹುದು.

ಈ ಉಪಾಯಕ್ಕೆ ಒಂದು ಷರತ್ತಿದೆ: ನುಡಿಸುವುದೂ ಕೇಳುವುದೂ ಒಂದೇ ಯಂತ್ರವಾಗಿರಬೇಕು. ಮೂಲೆಯಲ್ಲಿ ಬೇರೊಂದು ಹೋಮ್ ಥಿಯೇಟರ್ ಅಬ್ಬರಿಸುತ್ತಿದ್ದರೆ, ಏನನ್ನು ಕಳೆಯಬೇಕೆಂದೇ ಮೇಜಿನ ಮೇಲಿನ ಸ್ಪೀಕರ್‌ಗೆ ತಿಳಿಯದು. ಆಗ ಒದಗುವುದು ಹಲವು ಮೈಕ್‌ಗಳ ಸಾಲು. ಒಂದೇ ದನಿ ಒಂದೊಂದು ಮೈಕ್‌ಗೆ ಒಂದಿಷ್ಟು ಹಿಂದುಮುಂದಾಗಿ ತಲುಪುತ್ತದೆ. ಆ ವ್ಯತ್ಯಾಸದಿಂದ ಮಾತು ಬಂದ ದಿಕ್ಕನ್ನು ಹಿಡಿದು ಉಳಿದ ದಿಕ್ಕುಗಳ ಸದ್ದನ್ನು ತಗ್ಗಿಸಬಹುದು. ಇಷ್ಟೆಲ್ಲ ರಗಳೆ ಬೇಡವೆನ್ನುವವರಿಗೆ ಮೈಕ್ ಇರುವ ರಿಮೋಟ್ ಇದೆ: ಬಾಯಿಯ ಹತ್ತಿರ ಹಿಡಿದು ಗುಂಡಿ ಒತ್ತಿ ಮಾತಾಡಿದರಾಯಿತು. ಚಂದದ ಪರಿಹಾರವಲ್ಲ, ಆದರೆ ನನ್ನ ಲೆಕ್ಕದಲ್ಲಿ ಇಂದಿಗೂ ಹೆಚ್ಚು ನಂಬಿಕೆಯದು.

ಹೆಸರು ಕರೆದಾಗ ಏಳುವುದು

ರಿಮೋಟ್ ಇಲ್ಲದಿದ್ದರೆ ಮಾತು ತನಗೆ ಹೇಳಿದ್ದೆಂದು ಯಂತ್ರಕ್ಕೆ ತಿಳಿಯುವುದು ಹೆಸರು ಕರೆದಾಗ. ಈ ಒಂದು ಪದಕ್ಕಾಗಿ ಮಾತ್ರ ಕಿವಿ ತೆರೆದಿರುವ ಪುಟ್ಟ ತಂತ್ರಾಂಶ ಯಂತ್ರದೊಳಗೇ ಸದಾ ಓಡುತ್ತಿರುತ್ತದೆ. ಅದನ್ನು ಚುರುಕು ಮಾಡಿದರೆ ಕರೆಯದೆಯೂ ಏಳುತ್ತದೆ. ಬಿಗಿ ಮಾಡಿದರೆ ಮೂರು ಸಲ ಕೂಗಿದರೂ ಏಳುವುದಿಲ್ಲ. 2017ರ ಏಪ್ರಿಲ್‌ನಲ್ಲಿ ಅಮೆರಿಕದ ಬರ್ಗರ್ ಕಿಂಗ್ ಹೆಸರು ಕರೆದರೆ ಏಳುವ ಈ ಗುಣವನ್ನೇ ಬಳಸಿಕೊಂಡಿತು. ಅದರ 15 ಸೆಕೆಂಡಿನ ಟಿವಿ ಜಾಹೀರಾತಿನಲ್ಲಿ ನಟ ಗೂಗಲ್‌ನ ಹೆಸರು ಕರೆದು ತಮ್ಮ ಬರ್ಗರ್ ಬಗ್ಗೆ ಪ್ರಶ್ನೆ ಕೇಳಿದ. ಮನೆಗಳಲ್ಲಿದ್ದ ಗೂಗಲ್ ಹೋಮ್ ಸ್ಪೀಕರ್‌ಗಳು ಎದ್ದು ವಿಕಿಪೀಡಿಯದ ಬರಹವನ್ನು ಓದತೊಡಗಿದವು. ಕೆಲವೇ ಗಂಟೆಗಳಲ್ಲಿ ಗೂಗಲ್ ಅದನ್ನು ತಡೆಯಿತು.

ದನಿಯಿಂದ ಅಪ್ಪಣೆಗೆ

ಎದ್ದ ಮೇಲಿನ ಕೆಲಸ ಹೆಚ್ಚುಕಮ್ಮಿ ಎಲ್ಲೆಡೆ ಒಂದೇ. ದನಿಯನ್ನು ಸಾಮಾನ್ಯವಾಗಿ ಸೆಕೆಂಡಿಗೆ 16,000 ಸಲ ಅಳೆದು, ಸುಮಾರು 25 ಮಿಲಿಸೆಕೆಂಡಿನ ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕಿನಲ್ಲಿ ಯಾವ ಕಂಪನಾಂಕ ಎಷ್ಟಿದೆ ಎಂದು ನೋಡಿ, ನರಜಾಲವೊಂದು ಅದನ್ನು ಅಕ್ಷರಕ್ಕೆ ಇಳಿಸುತ್ತದೆ. ಬಳಿಕ ಆ ಸಾಲಿನಿಂದ ಎರಡು ವಿಷಯ ಹೆಕ್ಕಬೇಕು: ಏನು ಮಾಡಬೇಕು, ಯಾವುದನ್ನು.

‘ಏನು’ ಎಂಬುದು ಸುಲಭ, ಪಟ್ಟಿ ಚಿಕ್ಕದು. ಆದರೆ ಪಟ್ಟಿ ಚಿಕ್ಕದಾದಷ್ಟೂ ಕೆಮ್ಮನ್ನೂ ಬಾಗಿಲ ಸದ್ದನ್ನೂ ಅದರಲ್ಲಿನ ಯಾವುದೋ ಪದಕ್ಕೆ ಒಗ್ಗಿಸುವ ಅಪಾಯವಿದೆ. ಅದಕ್ಕೇ ‘ಇದು ಯಾವುದೂ ಅಲ್ಲ’ ಎನ್ನುವ ಆಯ್ಕೆಯನ್ನೂ ಯಂತ್ರಕ್ಕೆ ಕಲಿಸುತ್ತಾರೆ. ‘ಯಾವುದನ್ನು’ ಎಂಬುದಕ್ಕೆ ಮಾತ್ರ ಮಿತಿಯಿಲ್ಲ. ಹಾಡು, ಸಿನಿಮಾ, ಗಾಯಕರ ಹೆಸರು ಲಕ್ಷಗಟ್ಟಲೆ. ದಿನವೂ ಹೊಸತು ಸೇರುತ್ತದೆ.

ಕನ್ನಡದ ಪೇಚು

ಇಂಗ್ಲಿಷಿನಲ್ಲಿ ‘ಪ್ಲೇ’ ಎಂದೊಡನೆ ಮುಂದೆ ಬರುವುದು ಹಾಡಿನದೋ ಸಿನಿಮಾದ್ದೋ ಹೆಸರೆಂದು ಯಂತ್ರ ಸಿದ್ಧವಾಗಬಹುದು. ಕನ್ನಡದಲ್ಲಿ ಕ್ರಿಯಾಪದ ಬರುವುದು ಕೊನೆಗೆ. ‘ಗಂಧದ ಗುಡಿ ಹಾಕು’ ಎಂದರೆ ಹೆಸರು ಮುಗಿದ ಮೇಲೆ ಸುಳಿವು ಸಿಗುತ್ತದೆ. ‘ನಿಲ್ಲಿಸು’ ಎಂದು ಅವಸರದಿಂದ ತಡೆದರೆ ಹೇಳುತ್ತಿದ್ದದ್ದು ‘ನಿಲ್ಲಿಸಬೇಡ’ ಆಗಿರಬಹುದು. ಮೈಸೂರಿನವರು ಟಿವಿ ಹಾಕಿದರೆ ಧಾರವಾಡದವರು ಹಚ್ಚುತ್ತಾರೆ. ಇನ್ನು ಗಂಧದ ಗುಡಿಯೇ ಒಂದಲ್ಲ: ರಾಜ್‌ಕುಮಾರ್ ಅವರ 1973ರ ಚಿತ್ರವೂ ಹೌದು, ಪುನೀತ್ ಅವರ 2022ರದ್ದೂ ಹೌದು. ಮೇಲಾಗಿ ಸಂಗ್ರಹಗಳಲ್ಲಿ ಕನ್ನಡ ಹೆಸರುಗಳು ಬಹಳಷ್ಟು ಸಲ ರೋಮನ್ ಲಿಪಿಯಲ್ಲಿರುತ್ತವೆ. ಧಕಾರಕ್ಕೆ ಒಬ್ಬರು ಹೆಚ್ ಸೇರಿಸುತ್ತಾರೆ, ಇನ್ನೊಬ್ಬರು ಬಿಡುತ್ತಾರೆ. ಹಾಗಾಗಿ ಅಕ್ಷರ ನೋಡದೆ ಉಚ್ಚಾರ ಹೋಲಿಸಿ ಹುಡುಕಬೇಕಾಗುತ್ತದೆ.

ಗೂಗಲ್ ಧ್ವನಿ ಟೈಪಿಂಗ್‌ಗೆ ಕನ್ನಡ ಸೇರಿದ್ದು 2017ರಲ್ಲಿ. 2022ರಲ್ಲಿ ಓಪನ್‌ಎಐ ಬಿಟ್ಟ ‘ವಿಸ್ಪರ್’ 6,80,000 ಗಂಟೆಗಳ ದನಿಯಿಂದ ಕಲಿತದ್ದು. ಕನ್ನಡವೂ ಅದರಲ್ಲಿದೆ, ಪಾಲು ಮಾತ್ರ ತೀರಾ ಕಿರಿದು. ಭಾರತೀಯ ವಿಜ್ಞಾನ ಸಂಸ್ಥೆಯ ‘ರೆಸ್ಪಿನ್’ ಯೋಜನೆ ಕನ್ನಡದ ಉಪಭಾಷೆಗಳ ದನಿ ಸಂಗ್ರಹಿಸಿದೆ. ಅದರ ಗಮನವಿದ್ದದ್ದು ಬೇಸಾಯ ಮತ್ತು ಬ್ಯಾಂಕಿನ ಮಾತಿನ ಮೇಲೆ. ಚಿತ್ರಗೀತೆಗಳ ಸರದಿ ಬೇರೆ.

ದನಿ ಹೋಗುವುದೆಲ್ಲಿಗೆ

ಹೆಚ್ಚಿನ ಕಂಪನಿಗಳು ಮಾತನ್ನು ಅಕ್ಷರಕ್ಕಿಳಿಸಲು ದನಿಯನ್ನು ತಮ್ಮ ಸರ್ವರ್‌ಗೆ ಕಳಿಸಿಕೊಳ್ಳುತ್ತವೆ. ಅಮೆಜಾನ್, ಗೂಗಲ್, ಆಪಲ್ ಮೂರರಲ್ಲೂ ಇಂಥ ಕೆಲವು ದನಿಮುದ್ರಣಗಳನ್ನು ಮನುಷ್ಯರೇ ಕೂತು ಕೇಳುತ್ತಿದ್ದ ಸಂಗತಿ 2019ರಲ್ಲಿ ಬಯಲಾಯಿತು. ಮಕ್ಕಳ ದನಿಯನ್ನು ಅಳಿಸದೆ ಇಟ್ಟುಕೊಂಡ ಆರೋಪದಲ್ಲಿ 2023ರಲ್ಲಿ ಅಮೆಜಾನ್ 2.5 ಕೋಟಿ ಡಾಲರ್ ದಂಡ ತೆರಲು ಒಪ್ಪಿತು.

ಮನೆಯಿಂದ ದನಿ ಹೊರಹೋಗದಂತೆಯೂ ಈ ಕೆಲಸ ಆಗುತ್ತದೆ. ‘ವೋಸ್ಕ್’, ‘ಪಾಕೆಟ್‌ಸ್ಫಿಂಕ್ಸ್’ನಂಥ ಮುಕ್ತ ತಂತ್ರಾಂಶಗಳು ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿನಲ್ಲೇ ಓಡುತ್ತವೆ. ಸೋನೋಸ್ ಕಂಪನಿ 2019ರಲ್ಲಿ ಫ್ರಾನ್ಸ್‌ನ ‘ಸ್ನಿಪ್ಸ್’ ಸಂಸ್ಥೆಯನ್ನು ಕೊಂಡು, 2022ರಲ್ಲಿ ತಂದ ಧ್ವನಿ ನಿಯಂತ್ರಣವೂ ಮಾತನ್ನು ಸ್ಪೀಕರ್‌ನೊಳಗೇ ಗುರುತಿಸುತ್ತದೆ. ಹವಾಮಾನ, ಅಡುಗೆ, ಸುದ್ದಿಯ ಪ್ರಶ್ನೆಗಳಿಗೆ ಅದು ಉತ್ತರಿಸುವುದಿಲ್ಲ. ಹಾಡು ಹಾಕುವುದು, ನಿಲ್ಲಿಸುವುದು, ಸದ್ದು ಏರಿಸಿ ಇಳಿಸುವುದು, ಇಷ್ಟಕ್ಕೇ ಮೀಸಲಾದ್ದರಿಂದ ಅದು ಅಷ್ಟು ಚಿಕ್ಕ ಜಾಗದಲ್ಲಿ ಹಿಡಿಸಿತು.