1959ರ ‘ಸಯನೋಫೈಟ’ ಮತ್ತು ಕೋಶಕೇಂದ್ರದ ತಕರಾರು

ಪ್ರಾಣಿ, ಸಸ್ಯ, ಶಿಲೀಂಧ್ರ, ಪ್ರೋಟಿಸ್ಟ್‌ಗಳ ಜೀವಕೋಶಗಳಲ್ಲಿ ಕೋಶಕೇಂದ್ರವಿದೆ. ಬ್ಯಾಕ್ಟೀರಿಯಾ, ಆರ್ಕಿಯಾಗಳಲ್ಲಿ ಇಲ್ಲ. ಸಸ್ತನಿಗಳ ಬಲಿತ ಕೆಂಪು ರಕ್ತಕಣ, ಹೂಬಿಡುವ ಸಸ್ಯಗಳ ಜರಡಿ ನಾಳ ಇವು ಬೆಳೆಯುವಾಗ ಅದನ್ನು ಕಳೆದುಕೊಳ್ಳುತ್ತವೆ. ಇಷ್ಟರಲ್ಲಿ ವಿವಾದವಿಲ್ಲ. ತಕರಾರು ಇದ್ದದ್ದು ನೀಲಿ-ಹಸಿರು ಜೀವಿಗಳ (ಇಂದಿನ ಸಯನೋಬ್ಯಾಕ್ಟೀರಿಯಾ) ಬಗ್ಗೆ.

ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಎಂ.ಓ.ಪಿ. ಅಯ್ಯಂಗಾರ್ ಕಟ್ಟಿದ ಶೈವಲಾಧ್ಯಯನದ ಪರಂಪರೆಯಿಂದ ಬಂದ ಟಿ.ವಿ. ದೇಶಿಕಾಚಾರಿಯವರ ‘ಸಯನೋಫೈಟ’ವನ್ನು ಭಾರತೀಯ ಕೃಷಿ ಅನುಸಂಧಾನ ಪರಿಷತ್ತು 1959ರಲ್ಲಿ ಪ್ರಕಟಿಸಿತು. ಅದರಲ್ಲಿ ನೀಲಿ-ಹಸಿರು ಜೀವಿಗಳು ಶೈವಲಗಳೇ. 1962ರಲ್ಲಿ ಸೂಕ್ಷ್ಮಜೀವಿ ವಿಜ್ಞಾನಿಗಳಾದ ಸ್ಟೇನಿಯರ್ ಮತ್ತು ವಾನ್ ನೀಲ್, ಪೊರೆಯಿಂದ ಸುತ್ತುವರಿದ ಕೋಶಕೇಂದ್ರ ಇಲ್ಲವೆಂದು ಅವನ್ನು ಬ್ಯಾಕ್ಟೀರಿಯಾಗಳ ಜೊತೆ ಕೂರಿಸಿದರು. ಅಂದಿನಿಂದ ಮದ್ರಾಸಿನ ಗ್ರಂಥವನ್ನು ಹೆಸರಲ್ಲೇ ತಪ್ಪಿದ ಕೃತಿಯೆಂದು ಓದುವುದು ಸುಲಭವಾಗಿದೆ. ಆ ಓದನ್ನು ನಾನು ಒಪ್ಪುವುದಿಲ್ಲ.

ಮೊದಲನೆಯದಾಗಿ, ಈ ಜೀವಿಗಳು ಬ್ಯಾಕ್ಟೀರಿಯಾಗಳಿಗೆ ಹತ್ತಿರ ಎಂಬುದು 1962ರ ಹೊಸ ಶೋಧವಲ್ಲ. 19ನೇ ಶತಮಾನದಲ್ಲೇ ಫರ್ಡಿನಾಂಡ್ ಕೋನ್ ಎರಡನ್ನೂ ಒಂದೇ ಗುಂಪಿಗೆ ಸೇರಿಸಿದ್ದ. ಶೈವಲವೆಂಬ ಹೆಸರಿಗೆ ಆಧಾರ ಬೇರೆಯದು: ಕ್ಲೋರೋಫಿಲ್ ಎ, ಆಮ್ಲಜನಕ ಬಿಡುವ ದ್ಯುತಿಸಂಶ್ಲೇಷಣೆ, ಎಳೆಗಳ ಆಕಾರ. ಕೋಶಕೇಂದ್ರದ ಪ್ರಶ್ನೆಯನ್ನು ಅದು ಮುಟ್ಟುವುದೇ ಇಲ್ಲ.

ಎರಡನೆಯ ವಾದಕ್ಕೆ ಹೆಚ್ಚು ಎಚ್ಚರ ಬೇಕು. ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಸುಮಾರು 200 ನ್ಯಾನೋಮೀಟರ್‌ಗಿಂತ ಸೂಕ್ಷ್ಮವಾದದ್ದು ಬಿಡಿಬಿಡಿಯಾಗಿ ಕಾಣದು. ಕೋಶಕೇಂದ್ರದ ಜೋಡಿಪೊರೆ ಕೆಲವೇ ಹತ್ತು ನ್ಯಾನೋಮೀಟರ್ ದಪ್ಪ. ದೊಡ್ಡ ಕೋಶಗಳಲ್ಲಿ ಕೇಂದ್ರದ ಅಂಚು ಕಾಣುತ್ತದೆ, ನಿಜ. ಆದರೆ ನೀಲಿ-ಹಸಿರು ಕೋಶದ ನಡುಭಾಗದ ಅಂಚಿನಲ್ಲಿ ಪೊರೆ ಇದೆಯೋ ಇಲ್ಲವೋ ಎಂದು ಆ ಉಪಕರಣದಿಂದ ತೀರ್ಮಾನಿಸುವಂತಿರಲಿಲ್ಲ. ಫ್ಯೂಲ್ಗೆನ್ ಬಣ್ಣ ಹಾಕಿದರೆ ಡಿಎನ್‌ಎ ನಡುವೆ ಇದೆಯೆಂದು ತಿಳಿಯುತ್ತಿತ್ತು, ಅಷ್ಟೇ. ಕೋಶಕೇಂದ್ರವಿಲ್ಲ ಎಂದವರು ಬಹುಮಟ್ಟಿಗೆ ಕೋಶವಿಭಜನೆಯಲ್ಲಿ ವರ್ಣತಂತುಗಳ ಸಾಮಾನ್ಯ ಚಲನೆ ಕಾಣದಿದ್ದುದರಿಂದ ಹಾಗೆ ಊಹಿಸಿದ್ದರು. ಪೊರೆ ಇಲ್ಲದ್ದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳೇ ತೋರಿಸಬೇಕಿತ್ತು. ಹಾನ್ಸ್ ರಿಸ್ ಮತ್ತು ಆರ್.ಎನ್. ಸಿಂಗ್ ಅವರ ಮುಖ್ಯ ಪ್ರಬಂಧ ಬಂದದ್ದು 1961ರಲ್ಲಿ. ಅದಕ್ಕೂ ಮುಂಚಿನ ಗ್ರಂಥವನ್ನು ಆ ಅಳತೆಗೋಲಿನಿಂದ ಅಳೆಯುವುದು ನ್ಯಾಯವೆನಿಸದು. ಇಷ್ಟು ಹೇಳಿದ ಮಾತ್ರಕ್ಕೆ ಇಂದು ಅವನ್ನು ಶೈವಲಗಳ ಸಾಲಿನಲ್ಲೇ ಉಳಿಸಬೇಕೆಂದು ನನ್ನ ವಾದವಲ್ಲ. 1978ರಲ್ಲಿ ಸ್ಟೇನಿಯರ್ ಮತ್ತು ಸಂಗಡಿಗರು ಇವುಗಳ ನಾಮಕರಣವನ್ನು ಬ್ಯಾಕ್ಟೀರಿಯಾ ನಿಯಮಾವಳಿಗೆ ತರಬೇಕೆಂದು ಸೂಚಿಸಿದ್ದಕ್ಕೆ ಬಲವಾದ ಕಾರಣಗಳಿದ್ದವು.

ಪೊರೆಯ ಮಾನದಂಡವೂ ಪೂರ್ತಿ ಭದ್ರವಲ್ಲ. ಗೆಮ್ಮಾಟ ಎಂಬ ಬ್ಯಾಕ್ಟೀರಿಯಾದಲ್ಲಿ ಡಿಎನ್‌ಎ ಸುತ್ತ ಪೊರೆ ಇದೆಯೆಂದು 1991ರಲ್ಲಿ ಫ್ಯೂರ್ಸ್ಟ್ ಮತ್ತು ವೆಬ್ ವರದಿ ಮಾಡಿದರು. 2013ರ ಮೂರು ಆಯಾಮದ ಚಿತ್ರಣ ಆ ಪೊರೆ ಹೊರಪೊರೆಯ ಒಳಗಿನ ಜೀವಕೋಶದ ಪೊರೆಯದೇ ಮಡಿಕೆಯೆಂದಿತು. ಮಡಿಕೆ ಎಷ್ಟು ಮುಚ್ಚಿಕೊಂಡರೆ ಅದನ್ನು ಕೋಶಕೇಂದ್ರವೆನ್ನಬೇಕು ಎಂಬುದಕ್ಕೆ ಒಪ್ಪಿತವಾದ ಗೆರೆಯೊಂದನ್ನು ಇನ್ನೂ ಯಾರೂ ಎಳೆದಿಲ್ಲ.