ಮೈಸೂರಿನಲ್ಲಿ ವಿದೇಶಿ ಭಾಷೆಗಳ ಪ್ರಾಥಮಿಕ ಕಲಿಕೆ

ಮೈಸೂರಿನಲ್ಲಿ ವಿದೇಶಿ ಭಾಷೆಗಳ ಪ್ರಾಥಮಿಕ ಕಲಿಕೆ ಎಂಬುದು ಕರ್ನಾಟಕದ ಮೈಸೂರು ನಗರದಲ್ಲಿ ಪ್ರವಾಸೋದ್ಯಮ, ವ್ಯಾಪಾರ, ಯೋಗಶಿಕ್ಷಣ, ಉನ್ನತ ವ್ಯಾಸಂಗ ಹಾಗೂ ಹೊರದೇಶದ ಉದ್ಯೋಗದ ಅಗತ್ಯಗಳಿಗಾಗಿ ಫ್ರೆಂಚ್, ಜರ್ಮನ್, ಸ್ಪ್ಯಾನಿಷ್, ಇಟಾಲಿಯನ್, ರಷ್ಯನ್, ಜಪಾನಿ ಮೊದಲಾದ ಭಾಷೆಗಳ ನಿತ್ಯಬಳಕೆಯ ಪದಗಳನ್ನೂ ಸಣ್ಣ ವಾಕ್ಯಗಳನ್ನೂ ಕಲಿಯುವ ರೂಢಿಯಾಗಿದೆ. ವಂದನೆ, ಸಂಖ್ಯೆ, ಬೆಲೆ, ದಿಕ್ಕು, ಊಟ-ನೀರು, ಪರಿಚಯ ಮತ್ತು ಕ್ಷಮಾಯಾಚನೆ ಇದರ ಮುಖ್ಯ ವಿಷಯಗಳು. ಈ ಕಲಿಕೆ ಬಹುಮಟ್ಟಿಗೆ ಇಂಗ್ಲಿಷಿನ ಮೂಲಕವೇ ನಡೆಯುತ್ತದೆ. ಆದರೆ ಗೌರವಸೂಚಕ ಸರ್ವನಾಮ, ವಾಕ್ಯರಚನೆ, ಸ್ವರದ ಹ್ರಸ್ವದೀರ್ಘ ಮುಂತಾದ ಹಲವು ವಿಷಯಗಳಲ್ಲಿ ಈ ಭಾಷೆಗಳಿಗೆ ಇಂಗ್ಲಿಷಿಗಿಂತ ಕನ್ನಡವೇ ಹತ್ತಿರವಾಗಿದೆ.

ಹಿನ್ನೆಲೆ

ಕನ್ನಡ ನಾಡಿಗೂ ಹೊರಗಿನ ಭಾಷೆಗಳಿಗೂ ಇದ್ದ ಸಂಪರ್ಕ ಪ್ರಾಚೀನವಾದುದೆಂದು ಹೇಳುವಾಗ ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತ ಗ್ರೀಕ್ ಪ್ರಹಸನವೊಂದನ್ನು ಉಲ್ಲೇಖಿಸುವುದುಂಟು. ಸುಮಾರು ಕ್ರಿ.ಶ. 2ನೆಯ ಶತಮಾನದ ಆ ಪ್ಯಾಪಿರಸ್‌ನಲ್ಲಿ ಭಾರತದ ಕಡಲತೀರದ ಪಾತ್ರಗಳು ಆಡುವ ಕೆಲವು ಮಾತುಗಳು ಕನ್ನಡವೆಂದು ಜರ್ಮನ್ ವಿದ್ವಾಂಸ ಹುಲ್ಟ್ಜ್ 1904ರಲ್ಲಿ ಸೂಚಿಸಿದರು. ಅರ್ಥಶಾಸ್ತ್ರದ ಹಸ್ತಪ್ರತಿಯನ್ನು ಬೆಳಕಿಗೆ ತಂದ ಮೈಸೂರಿನ ಆರ್. ಶಾಮಾಶಾಸ್ತ್ರಿಗಳೂ ಈ ವಾದವನ್ನು ಮುಂದುವರಿಸಿದರು. ಈ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ.

ಆಧುನಿಕ ಕಾಲದಲ್ಲಿ ವಿದೇಶೀಯರು ಮೈಸೂರಿಗೆ ಬಂದು ದೀರ್ಘಕಾಲ ನಿಲ್ಲಲು ಯೋಗ ಒಂದು ಮುಖ್ಯ ಕಾರಣವಾಯಿತು. 1930ರ ದಶಕದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಟಿ. ಕೃಷ್ಣಮಾಚಾರ್ಯರು ಬೋಧಿಸುತ್ತಿದ್ದರು, ರೀಗಾ ನಗರದಲ್ಲಿ ಜನಿಸಿದ ಇಂದ್ರಾದೇವಿ ಅವರಲ್ಲಿ ಕಲಿತರು. ಅವರ ಶಿಷ್ಯ ಕೆ. ಪಟ್ಟಾಭಿ ಜೋಯಿಸರು (1915–2009) ಲಕ್ಷ್ಮೀಪುರಂನಲ್ಲಿ 1948ರಲ್ಲಿ ಅಷ್ಟಾಂಗ ಯೋಗ ಸಂಸ್ಥೆಯನ್ನು ಸ್ಥಾಪಿಸಿದರು. 1964ರಲ್ಲಿ ಬೆಲ್ಜಿಯಂನ ಆಂದ್ರೆ ವಾನ್ ಲಿಸೆಬೆತ್ ಅವರಲ್ಲಿ ಅಭ್ಯಾಸ ಮಾಡಿದರು. ಮುಂದೆ ಶಾಲೆ ಗೋಕುಲಂ ಬಡಾವಣೆಗೆ ಬಂದಿತು. ಇಲ್ಲಿ ಭಾಷಾ ಕಲಿಕೆ ಎರಡೂ ಕಡೆಗೆ ಸಾಗುತ್ತದೆ. ಹಲವು ದೇಶಗಳ ವಿದ್ಯಾರ್ಥಿಗಳು ಆಸನಗಳ ಎಣಿಕೆಗಾಗಿ ‘ಏಕಂ, ದ್ವೇ, ತ್ರೀಣಿ’ ಎಂದು ಸಂಸ್ಕೃತ ಸಂಖ್ಯೆಗಳನ್ನು ಕಲಿತರೆ, ಸುತ್ತಲಿನ ಮನೆ ಬಾಡಿಗೆಯವರು, ಆಟೋ ಚಾಲಕರು, ಎಳನೀರು ಮಾರುವವರು ಅವರ ಭಾಷೆಗಳ ನಾಲ್ಕು ಮಾತುಗಳನ್ನು ಕೇಳಿಯೇ ಕಲಿಯುತ್ತಾರೆ.

ಕಲಿಕೆಯ ನೆಲೆಗಳು

ಔಪಚಾರಿಕ ಶಿಕ್ಷಣದಲ್ಲಿ, 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯ ಫ್ರೆಂಚ್, ಜರ್ಮನ್ ಮೊದಲಾದ ಭಾಷೆಗಳ ಬೋಧನೆಗೆ ಅವಕಾಶ ಕಲ್ಪಿಸಿದೆ. ಇದೇ ನಗರದಲ್ಲಿ 1969ರ ಜುಲೈ 17ರಂದು ಸ್ಥಾಪನೆಯಾದ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆಯ ಕಾರ್ಯಕ್ಷೇತ್ರ ಭಾರತದ ಭಾಷೆಗಳು. ಬೇರೆ ರಾಜ್ಯಗಳ ಶಿಕ್ಷಕರಿಗೆ ಕನ್ನಡವೂ ಸೇರಿದಂತೆ ದಕ್ಷಿಣದ ಭಾಷೆಗಳನ್ನು ಕಲಿಸುವ ಪ್ರಾದೇಶಿಕ ಕೇಂದ್ರ ಮೈಸೂರಿನಲ್ಲಿಯೇ ಇದೆ.

ಅನೌಪಚಾರಿಕ ಕಲಿಕೆ ಅರಮನೆ, ದೇವರಾಜ ಮಾರುಕಟ್ಟೆ, ಚಾಮುಂಡಿಬೆಟ್ಟ ಮತ್ತು ಶ್ರೀರಂಗಪಟ್ಟಣದ ಸುತ್ತ ನಡೆಯುತ್ತದೆ. ಅರಮನೆಯಲ್ಲಿ ಹಲವು ಭಾಷೆಗಳ ಧ್ವನಿಮಾರ್ಗದರ್ಶಿ ಸಾಧನಗಳು ಲಭ್ಯವಿವೆ. ಆದರೆ ಪ್ರವಾಸಿ ಕೇಳುವ ಪ್ರಶ್ನೆಗೆ ಉತ್ತರಿಸುವವರು ಮಾರ್ಗದರ್ಶಿಗಳೇ. ಮಾರುಕಟ್ಟೆಯ ಕುಂಕುಮ, ಅಗರಬತ್ತಿ, ಸುಗಂಧತೈಲದ ವ್ಯಾಪಾರಿಗಳು ಗಿರಾಕಿಯ ದೇಶವನ್ನು ಅಂದಾಜು ಮಾಡಿ ಆ ಭಾಷೆಯಲ್ಲಿ ವಂದಿಸುವುದುಂಟು. ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಲ್ಲಿ ನೆಲೆಯೂರಿದ ಟಿಬೆಟನ್ನರ ಸಂಪರ್ಕದಿಂದ ‘ತಾಶಿ ದೆಲೇಕ್’ (ಶುಭವಂದನೆ), ‘ಥುಕ್ಜೆಛೆ’ (ಧನ್ಯವಾದ) ಎಂಬ ಮಾತುಗಳೂ ಸುತ್ತಮುತ್ತ ಪರಿಚಿತವಾಗಿವೆ.

ಆರಂಭಿಕ ಪದಗಳು

ಕೆಳಗಿನ ಪಟ್ಟಿಯಲ್ಲಿ ಕ್ರಮವಾಗಿ ‘ನಮಸ್ಕಾರ’, ‘ದಯವಿಟ್ಟು’, ‘ಧನ್ಯವಾದ’, ‘ಬೆಲೆ ಎಷ್ಟು?’, ‘ನೀರು’ ಎಂಬ ಅರ್ಥದ ಮಾತುಗಳಿವೆ. ಕನ್ನಡ ಲಿಪಿಯ ಉಚ್ಚಾರಣೆ ಸಮೀಪದ್ದು ಮಾತ್ರ.

- ಫ್ರೆಂಚ್: ಬೊಂಜೂರ್, ಸಿಲ್ ವು ಪ್ಲೆ, ಮೆರ್ಸಿ, ಸೆ ಕೊಂಬ್ಯಾಂ?; ಓ
- ಜರ್ಮನ್: ಗೂಟನ್ ಟಾಕ್, ಬಿಟೆ, ಡಂಕೆ, ವಸ್ ಕೊಸ್ಟೆಟ್ ಡಸ್?; ವಸರ್
- ಸ್ಪ್ಯಾನಿಷ್: ಬ್ವೇನೊಸ್ ದೀಯಸ್ (ಬೆಳಗಿನ ವಂದನೆ), ಪೊರ್ ಫ಼ವೋರ್, ಗ್ರಾಸಿಯಸ್, ಕ್ವಾಂತೊ ಕ್ವೇಸ್ತ?; ಆಗ್ವ
- ಇಟಾಲಿಯನ್: ಬ್ವೊಂಜೋರ್ನೊ, ಪೆರ್ ಫ಼ವೋರೆ, ಗ್ರಾತ್ಸಿಯೆ, ಕ್ವಾಂತೊ ಕೋಸ್ತ?; ಆಕ್ವ
- ರಷ್ಯನ್: ಜ಼್ದ್ರಾಸ್ತ್ವುಯ್ತೆ, ಪಝಾಲುಸ್ತ, ಸ್ಪಸೀಬ, ಸ್ಕೋಲ್ಕ ಸ್ತೋಯಿತ್?; ವದಾ
- ಜಪಾನಿ: ಕೊನ್ನಿಚಿವ; ಒನೆಗೈ ಶಿಮಸ್; ಅರಿಗತೋ ಗೊಜ಼ೈಮಸ್; ಇಕುರ ದೆಸ್ ಕ?; ಮಿಜ಼ು

ಸಂಖ್ಯೆಗಳು

ವ್ಯಾಪಾರದಲ್ಲಿ ವಂದನೆಯ ನಂತರ ಬೇಕಾಗುವುದು ಸಂಖ್ಯೆಗಳು. ಕನ್ನಡಿಗರಿಗೆ ಸಂಸ್ಕೃತದ ದ್ವಿ, ತ್ರಿ, ಸಪ್ತ, ನವ, ದಶ ಪರಿಚಿತವಾದುದರಿಂದ ಇಂಡೋ-ಯುರೋಪಿಯನ್ ಭಾಷೆಗಳ ಸಂಖ್ಯೆಗಳು ಬೇಗ ನೆನಪಿನಲ್ಲಿ ನಿಲ್ಲುತ್ತವೆ. ರಷ್ಯನ್ನಿನಲ್ಲಿ ಎರಡು, ಮೂರು ಎಂಬುದಕ್ಕೆ ‘ದ್ವಾ’, ‘ತ್ರಿ’ ಎಂದೂ, ಇಟಾಲಿಯನ್ನಿನಲ್ಲಿ ಏಳಕ್ಕೆ ‘ಸೆತ್ತೆ’, ಒಂಬತ್ತಕ್ಕೆ ‘ನೋವೆ’ ಎಂದೂ ಹೇಳುತ್ತಾರೆ.

ತೊಡಕು ದೊಡ್ಡ ಸಂಖ್ಯೆಗಳಲ್ಲಿದೆ. ಕನ್ನಡದ ‘ಇಪ್ಪತ್ತೈದು’ ಜರ್ಮನ್ನಿನಲ್ಲಿ ‘ಐದು ಮತ್ತು ಇಪ್ಪತ್ತು’ ಎಂದು ತಿರುವುಮುರುವಾಗುತ್ತದೆ. 52 ಎಂದು ಬರೆದುಕೊಳ್ಳುವ ತಪ್ಪು ಸಹಜ. ಫ್ರಾನ್ಸಿನ ಫ್ರೆಂಚ್‌ನಲ್ಲಿ 80 ಎಂದರೆ ‘ನಾಲ್ಕು ಇಪ್ಪತ್ತುಗಳು’. 97 ಎಂದರೆ ‘ನಾಲ್ಕು ಇಪ್ಪತ್ತು ಹತ್ತು ಏಳು’. ಆದ್ದರಿಂದ ಬೆಲೆಯನ್ನು ಬಾಯಲ್ಲಿ ಹೇಳುವುದರ ಜೊತೆಗೆ ಬರೆದು ತೋರಿಸುವುದು ವ್ಯಾಪಾರಿಗಳ ವಾಡಿಕೆ.

ಉಚ್ಚಾರಣೆ

ಕನ್ನಡದಲ್ಲಿ ತ-ಟ, ದ-ಡ ಬೇರೆ ಬೇರೆ ಅಕ್ಷರಗಳು. ಫ್ರೆಂಚ್, ಸ್ಪ್ಯಾನಿಷ್, ಇಟಾಲಿಯನ್ ಭಾಷೆಗಳ ದಂತ್ಯ ಧ್ವನಿಗಳು ಕನ್ನಡದ ತ, ದಗಳಿಗೆ ಸಮೀಪವಾಗಿವೆ. ಇಂಗ್ಲಿಷ್ ಅಭ್ಯಾಸದಿಂದ ಅವನ್ನು ಟ, ಡ ಎಂದು ಓದುವವರು ತಮ್ಮ ನಾಲಗೆಗೆ ಸುಲಭವಾದುದನ್ನೇ ಕಳೆದುಕೊಳ್ಳುತ್ತಾರೆ. ಜಪಾನಿಯಲ್ಲಿ ‘ಒಬಸನ್’ ಎಂದರೆ ಅತ್ತೆ ಅಥವಾ ಚಿಕ್ಕಮ್ಮ, ‘ಒಬಾಸನ್’ ಎಂದರೆ ಅಜ್ಜಿ. ‘ಕಿತೆ’ ಎಂದರೆ ‘ಬಾ’, ‘ಕಿತ್ತೆ’ ಎಂದರೆ ಅಂಚೆಚೀಟಿ. ಬಳೆ-ಬಾಳೆ, ಹಳಿ-ಹಳ್ಳಿ ಎಂಬ ವ್ಯತ್ಯಾಸವನ್ನು ಬಾಲ್ಯದಿಂದ ಬಲ್ಲ ಕನ್ನಡಿಗರಿಗೆ ಇದು ಹೊಸದಲ್ಲ.

ಕನ್ನಡದ ಅಭ್ಯಾಸ ಅಡ್ಡಿಯಾಗುವ ಸಂದರ್ಭಗಳೂ ಇವೆ. ವ್ಯಂಜನದಿಂದ ಕೊನೆಗೊಳ್ಳುವ ಪದಕ್ಕೆ ‘ಬಸ್ಸು’, ‘ಕಾರು’ ಎಂಬಂತೆ ಉಕಾರ ಸೇರುತ್ತದೆ. ‘ಎ’ಕಾರದ ಹಿಂದೆ ಯಕಾರ, ‘ಒ’ಕಾರದ ಹಿಂದೆ ವಕಾರ ಸುಳಿಯುತ್ತದೆ. ಫ್ರೆಂಚ್‌ನ ಅನುನಾಸಿಕ ಸ್ವರವನ್ನು ಅನುಸ್ವಾರದಿಂದ ಬರೆದಾಗ ಅಲ್ಲಿಲ್ಲದ ವ್ಯಂಜನವೊಂದು ಬಾಯಿಗೆ ಬರುತ್ತದೆ. ಫ಼ ಮತ್ತು ಜ಼ ಧ್ವನಿಗಳನ್ನು ಚುಕ್ಕೆಯಿಂದ ಸೂಚಿಸಬಹುದು. ಆದರೆ ತುಟಿ ದುಂಡಾಗಿಸಿ ‘ಇ’ ಎನ್ನುವ ಫ್ರೆಂಚ್, ಜರ್ಮನ್ ಸ್ವರಕ್ಕೆ ಕನ್ನಡದಲ್ಲಿ ಅಕ್ಷರವಿಲ್ಲ. ಇಂಥವನ್ನು ಕಿವಿಯಿಂದಲೇ ಕಲಿಯಬೇಕಾಗುತ್ತದೆ.

ವಾಕ್ಯರಚನೆ ಮತ್ತು ಗೌರವಸೂಚನೆ

ಇಂದಿನ ಇಂಗ್ಲಿಷಿನಲ್ಲಿ ನೀನು-ನೀವು ಎಂಬ ಭೇದವಿಲ್ಲ. ಫ್ರೆಂಚ್‌ನ ‘ತ್ಯು-ವು’, ರಷ್ಯನ್ನಿನ ‘ತಿ-ವಿ’ ಜೋಡಿಗಳು ಕನ್ನಡದಂತೆಯೇ ಬಹುವಚನವನ್ನು ಗೌರವಕ್ಕೆ ಬಳಸುತ್ತವೆ. ಜರ್ಮನ್ನಿನ ‘ಡು-ಜ಼ೀ’ ಜೋಡಿಯಲ್ಲಿ ಗೌರವರೂಪ ‘ಅವರು’ ಎಂಬುದರಿಂದ ಬಂದಿದೆ. ಇಂಗ್ಲಿಷಿನ ಮೂಲಕ ಕಲಿತವರು ಎರಡನ್ನೂ ಒಂದೇ ಎಂದು ಭಾವಿಸಿ ಅಪರಿಚಿತ ಹಿರಿಯರನ್ನು ಏಕವಚನದಲ್ಲಿ ಮಾತನಾಡಿಸುವ ಪ್ರಮಾದಕ್ಕೆ ಒಳಗಾಗಬಹುದು. ‘ನೀವು’ ಎನ್ನಬೇಕಾದಲ್ಲಿ ಗೌರವರೂಪ ಎಂದು ಕನ್ನಡದಲ್ಲಿ ಹೇಳಿಕೊಟ್ಟರೆ ಆರಂಭಕ್ಕೆ ಅಷ್ಟು ಸಾಕಾಗುತ್ತದೆ.

‘ಇದು ನೀರು’ ಎಂಬ ಕನ್ನಡ ವಾಕ್ಯದಲ್ಲಿ ಕ್ರಿಯಾಪದವಿಲ್ಲ. ರಷ್ಯನ್ನಿನ ‘ಎತ ವದಾ’ ಎಂಬಲ್ಲಿಯೂ ಇಲ್ಲ. ‘ನನಗೆ ಇಷ್ಟ’ ಎಂಬ ಚತುರ್ಥಿಯ ರಚನೆ ಸ್ಪ್ಯಾನಿಷಿನ ‘ಮೆ ಗುಸ್ತ’, ಇಟಾಲಿಯನ್ನಿನ ‘ಮಿ ಪ್ಯಾಚೆ’ಗಳಲ್ಲಿಯೂ ಕಾಣುತ್ತದೆ. ಜಪಾನಿಯ ಪದಕ್ರಮವಂತೂ ಕನ್ನಡದ್ದೇ: ‘ಮಿಜ಼ು ಓ ಕುದಸೈ’ ಎಂಬುದು ‘ನೀರನ್ನು ಕೊಡಿ’ ಎಂಬುದಕ್ಕೆ ಪದಶಃ ಹೊಂದುತ್ತದೆ. ಮನೆಯಿಂದ ಹೊರಡುವವರು ಹೇಳುವ ‘ಇತ್ತೆ ಕಿಮಸ್’ ಎಂಬುದರ ಅರ್ಥ ‘ಹೋಗಿ ಬರುತ್ತೇನೆ’; ‘ಬರುತ್ತೇನೆ’ ಎನ್ನದೆ ಹೊರಡುವುದನ್ನು ಅಶುಭವೆಂದು ಎಣಿಸುವ ಮೈಸೂರಿನ ಮನೆಗಳಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮಾತಿನ ರೂಢಿಯಲ್ಲಿ ವ್ಯತ್ಯಾಸಗಳೂ ಇವೆ. ಕನ್ನಡದ ನಿತ್ಯವ್ಯವಹಾರದಲ್ಲಿ ‘ಧನ್ಯವಾದ’ ಅಪರೂಪ. ಕೃತಜ್ಞತೆ ಮುಖಭಾವದಲ್ಲಿಯೇ ವ್ಯಕ್ತವಾಗುತ್ತದೆ. ಫ್ರೆಂಚರಲ್ಲಿ ಅಂಗಡಿಗೆ ಕಾಲಿಡುವಾಗ ವಂದಿಸದೆ ಬೆಲೆ ಕೇಳುವುದು ಅಸಭ್ಯವೆನಿಸುತ್ತದೆ.

ವಿಧಾನ ಮತ್ತು ಮಿತಿಗಳು

ಜರ್ಮನ್ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ ಅಧ್ಯಯನ ಕಲಿತದ್ದು ಮೊದಲ ದಿನಗಳಲ್ಲಿಯೇ ವೇಗವಾಗಿ ಮರೆಯುತ್ತದೆಂದು ತೋರಿಸಿತು. ಆದ್ದರಿಂದ ಒಂದೇ ದಿನ ನೂರು ಪದ ಬಾಯಿಪಾಠ ಮಾಡುವುದಕ್ಕಿಂತ ಕೆಲವನ್ನೇ ಅಂತರ ಹೆಚ್ಚಿಸುತ್ತ ಪುನರಾವರ್ತಿಸುವುದು ಫಲಕಾರಿ. ಹಲವು ಭಾಷೆಗಳನ್ನು ಒಟ್ಟಿಗೆ ಆರಂಭಿಸಿದಾಗ ಸ್ಪ್ಯಾನಿಷ್-ಇಟಾಲಿಯನ್‌ನಂಥ ಸೋದರಭಾಷೆಗಳು ಪರಸ್ಪರ ಬೆರೆಯುತ್ತವೆ.

ಐರೋಪ್ಯ ಭಾಷಾ ಚೌಕಟ್ಟು (2001) ಕಲಿಕೆಯನ್ನು ಎ1ರಿಂದ ಸಿ2ರವರೆಗೆ ಆರು ಹಂತಗಳಾಗಿ ವಿಂಗಡಿಸುತ್ತದೆ. ಇಲ್ಲಿ ವಿವರಿಸಿದ ಕಲಿಕೆ ಎ1 ಹಂತದ ಹೊಸ್ತಿಲಿನದು. ಜರ್ಮನಿಯಲ್ಲಿ ಶುಶ್ರೂಷಕರಾಗಿ ಮಾನ್ಯತೆ ಪಡೆಯಲು ಸಾಮಾನ್ಯವಾಗಿ ಬಿ2 ಹಂತ ಬೇಕಾಗುತ್ತದೆ. ಕೆಲವು ವಾಕ್ಯಗಳ ಬಲದಿಂದ ಅಂಥ ಉದ್ಯೋಗ ದೊರೆಯದು. ಪ್ರಶ್ನೆಯನ್ನು ಕಂಠಪಾಠ ಮಾಡಿದವರಿಗೆ ಉತ್ತರ ಅರ್ಥವಾಗದಿರುವುದು ಈ ಕಲಿಕೆಯ ಸಹಜ ಮಿತಿ. ‘ನಿಧಾನವಾಗಿ ಹೇಳಿ’ ಎಂಬ ವಾಕ್ಯವನ್ನು ಮೊದಲೇ ಕಲಿಸುವುದು ಇದಕ್ಕೆ ಪರಿಹಾರ.

ಪಠ್ಯಗಳು ಬಹುಪಾಲು ಇಂಗ್ಲಿಷಿನಲ್ಲಿರುವುದರಿಂದ ಕನ್ನಡ ಮಾಧ್ಯಮದಲ್ಲಿ ಓದಿದವರು ಒಂದು ಭಾಷೆಗಾಗಿ ಎರಡನ್ನು ಕಲಿಯಬೇಕಾಗುತ್ತದೆ. ಮಾರುಕಟ್ಟೆಯ ವ್ಯಾಪಾರಿಗಳು ಪಠ್ಯವಿಲ್ಲದೆ, ಕನ್ನಡದಿಂದ ನೇರವಾಗಿ ಇನ್ನೊಂದು ಭಾಷೆಯ ಮಾತನ್ನು ಗ್ರಹಿಸುತ್ತಿರುವುದು ಬೇರೆ ದಾರಿಯೂ ಸಾಧ್ಯವೆಂಬುದಕ್ಕೆ ನಿದರ್ಶನವಾಗಿದೆ.