ಆತಂಕದ ಮನಸ್ಸಿಗೆ ಇಷ್ಟಲಿಂಗ ಧ್ಯಾನ: ಕ್ರಮ, ಕಾರಣ ಮತ್ತು ಮಿತಿ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳಿಂದ ಶ್ರೀಮಠಕ್ಕೆ ಬರುವ ಸದ್ಭಕ್ತರು ಹೇಳಿಕೊಳ್ಳುವ ಕಷ್ಟಗಳು ಬೇರೆಬೇರೆ. ಜಗಳೂರಿನ ರೈತನಿಗೆ ಮೆಕ್ಕೆಜೋಳ ತೆನೆಗಟ್ಟುವ ಹೊತ್ತಿನಲ್ಲಿ ಮಳೆ ಕೈಕೊಟ್ಟೀತೆಂಬ ಚಿಂತೆ. ಚನ್ನಗಿರಿಯ ತೋಟಗಾರನಿಗೆ ಅಡಕೆ ಧಾರಣೆಯ ಏರಿಳಿತ ಮತ್ತು ಬತ್ತುವ ಕೊಳವೆಬಾವಿಯ ಚಿಂತೆ. ಹೊನ್ನಾಳಿಯ ಹೊಳೆದಂಡೆಯ ಮನೆಗಳಿಗೆ ತುಂಗಭದ್ರೆ ಉಕ್ಕುವ ಭಯ. ನ್ಯಾಮತಿಯ ತಾಯಂದಿರಿಗೆ ಮಕ್ಕಳ ಪರೀಕ್ಷೆ, ಕೆಲಸ, ಮದುವೆಗಳ ಯೋಚನೆ. ಆದರೆ ಎಲ್ಲರೂ ಹೇಳುವ ಲಕ್ಷಣಗಳು ಬಹುಮಟ್ಟಿಗೆ ಒಂದೇ: ನಿದ್ರೆ ಬಾರದು, ಎದೆ ಡವಡವ ಎನ್ನುತ್ತದೆ, ಊಟ ಸೇರದು, ಕೈಕಾಲು ನಡುಗುತ್ತವೆ, ಕಾರಣವಿಲ್ಲದೆ ಮನಸ್ಸು ಹೆದರುತ್ತದೆ.

ಇವರಲ್ಲಿ ಕೆಲವರು ತಾಯಿತವನ್ನು ಕೇಳುತ್ತಾರೆ. ಇನ್ನು ಕೆಲವರು ಸಂಕೋಚದಿಂದ ಕೇಳುವ ಪ್ರಶ್ನೆ ಇದು: “ಲಿಂಗ ಕಟ್ಟಿಕೊಂಡವನಿಗೆ ಹೆದರಿಕೆ ಏಕೆ? ಪೂಜೆ ತಪ್ಪದೆ ಮಾಡುವವನು ಡಾಕ್ಟರರ ಮಾತ್ರೆ ನುಂಗಿದರೆ ಅದು ಭಕ್ತಿಯ ಕೊರತೆಯಲ್ಲವೇ?” ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಗದೆ ಚಿಕಿತ್ಸೆಯನ್ನು ನಡುವೆಯೇ ಬಿಟ್ಟವರಿದ್ದಾರೆ, ಧ್ಯಾನದಿಂದ ತಮಗೆ ಪ್ರಯೋಜನವಿಲ್ಲವೆಂದು ಅದನ್ನೂ ತೊರೆದವರಿದ್ದಾರೆ. ಎರಡೂ ನಷ್ಟವೇ. ಆದ್ದರಿಂದ ಈ ವಿಷಯವನ್ನು ಕ್ರಮವಾಗಿ ವಿವರಿಸುವುದು ಅಗತ್ಯವೆನಿಸಿದೆ.

ಆತಂಕವೆಂದರೇನು?

ಎದುರಿಗೆ ಹಾವು ಬಂದಾಗ ಮೂಡುವ ಭಯ ದೇಹದ ರಕ್ಷಣೆಗಾಗಿ ಇರುವಂಥದ್ದು. ಆಗ ಅಡ್ರಿನಲಿನ್ ಎಂಬ ರಸದೂತ ರಕ್ತಕ್ಕೆ ಸೇರಿ ಹೃದಯದ ಬಡಿತವೂ ಉಸಿರಿನ ವೇಗವೂ ಹೆಚ್ಚುತ್ತವೆ, ಸ್ನಾಯುಗಳು ಬಿಗಿಯುತ್ತವೆ. ಹಾವು ಸರಿದುಹೋದ ಮೇಲೆ ದೇಹವೂ ತಣ್ಣಗಾಗಬೇಕು. ಆತಂಕದಲ್ಲಿ ಹಾವು ಕಣ್ಣೆದುರಿಗೆ ಇರುವುದಿಲ್ಲ. ಅದು ನಾಳೆಯಲ್ಲಿ ಇರುತ್ತದೆ. ನಾಳೆ ಎಂದಿಗೂ ಸರಿದುಹೋಗದ ಕಾರಣ ದೇಹ ಸದಾ ಎಚ್ಚರದ ಸ್ಥಿತಿಯಲ್ಲಿಯೇ ಉಳಿದುಬಿಡುತ್ತದೆ. ಇಂತಹ ಹಿಡಿತ ತಪ್ಪಿದ ಚಿಂತೆ ಆರು ತಿಂಗಳಿಗೂ ಮೀರಿ ಬಹುತೇಕ ದಿನಗಳಲ್ಲಿ ಕಾಡಿ, ಕಾಯಕಕ್ಕೂ ಸಂಸಾರಕ್ಕೂ ತೊಡಕಾದರೆ ವೈದ್ಯರು ಅದನ್ನು ಆತಂಕದ ಕಾಯಿಲೆ ಎಂದು ಪರಿಗಣಿಸುತ್ತಾರೆ. ಇದು ದುರ್ಬಲರ ಲಕ್ಷಣವೂ ಅಲ್ಲ, ಪಾಪದ ಫಲವೂ ಅಲ್ಲ.

ನಿಮ್ಹಾನ್ಸ್ ಸಂಸ್ಥೆ 2015–16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇ. 10.6 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇರುವುದು ಕಂಡುಬಂದಿತು. ಅವರಲ್ಲಿ ಬಹುಪಾಲು ಜನ ಯಾವ ಚಿಕಿತ್ಸೆಯನ್ನೂ ಪಡೆಯುತ್ತಿರಲಿಲ್ಲ.

ಶಿವಯೋಗದ ಮೂರು ಮೆಟ್ಟಿಲು

ಹನ್ನೆರಡನೆಯ ಶತಮಾನದ ಶರಣರು ದೇವರನ್ನು ಗುಡಿಯಿಂದ ಅಂಗೈಗೆ ತಂದರು. ಪೂಜಿಸುವವನಿಗೂ ಪೂಜೆಗೊಳ್ಳುವ ಲಿಂಗಕ್ಕೂ ನಡುವೆ ಮತ್ತೊಬ್ಬರ ಅಗತ್ಯವಿಲ್ಲವೆಂಬುದು ಇದರ ಸಾಮಾಜಿಕ ಅರ್ಥ. ಇದಕ್ಕೆ ಯೋಗದ ಅರ್ಥವೂ ಇದೆ. ಕಪ್ಪಾದ, ನುಣುಪಾದ ಕಂತಿಯ ಹೊದಿಕೆಯುಳ್ಳ ಇಷ್ಟಲಿಂಗವನ್ನು ದೀಪದ ಬೆಳಕಿನಲ್ಲಿ ಹಿಡಿದಾಗ ಅದರ ಮೇಲೆ ಬೆಳಕಿನ ಒಂದು ಚಿಕ್ಕ ಬಿಂದು ಮೂಡುತ್ತದೆ. ಚಂಚಲವಾದ ದೃಷ್ಟಿಗೆ ಆ ಬಿಂದು ಒಂದು ನೆಲೆಯನ್ನು ಒದಗಿಸುತ್ತದೆ. ಇದೇ ಅನಿಮಿಷ ದೃಷ್ಟಿಯ ಸಾಧನೆ; ಯೋಗಶಾಸ್ತ್ರ ಇದನ್ನು ತ್ರಾಟಕವೆನ್ನುತ್ತದೆ.

ಇಷ್ಟಲಿಂಗ, ಪ್ರಾಣಲಿಂಗ, ಭಾವಲಿಂಗ ಎಂಬ ಮೂರನ್ನು ಸಾಧನೆಯ ಮೂರು ಮೆಟ್ಟಿಲುಗಳಾಗಿ ಕಾಣಬಹುದು. ಮೊದಲು ಕಣ್ಣು ಇಷ್ಟಲಿಂಗದಲ್ಲಿ ನಿಲ್ಲುತ್ತದೆ. ಕಣ್ಣು ನಿಂತ ಮೇಲೆ ಗಮನ ಉಸಿರಿನತ್ತ, ಅಂದರೆ ಪ್ರಾಣದತ್ತ ಹರಿಯುತ್ತದೆ. ಉಸಿರು ಶಾಂತವಾದಾಗ ಭಾವವೂ ತಿಳಿಯಾಗುತ್ತದೆ. ಭಾವವನ್ನೇ ನೇರವಾಗಿ ಹಿಡಿಯಲು ಹೊರಟು, “ಹೆದರಬಾರದು, ಹೆದರಬಾರದು” ಎಂದು ಮನಸ್ಸನ್ನು ಗದರಿಸಿದರೆ ಭಯ ಹೆಚ್ಚುವುದೇ ಹೊರತು ಇಳಿಯದು. ಈ ಕ್ರಮವನ್ನು ತಿಳಿಯದೆ ಕುಳಿತವರೇ ಹೆಚ್ಚಾಗಿ “ಧ್ಯಾನ ನನಗೆ ಹತ್ತುವುದಿಲ್ಲ” ಎಂದು ಎದ್ದುಬಿಡುತ್ತಾರೆ.

ಆಚರಣೆಯ ಕ್ರಮ

ಬೆಳಗಿನ ಹಟ್ಟಿ ಕೆಲಸಕ್ಕೆ ಮುನ್ನ ಅಥವಾ ರಾತ್ರಿ ಮಲಗುವ ಮುನ್ನ ಒಂದು ಹೊತ್ತನ್ನು ನಿಶ್ಚಯಿಸಿಕೊಳ್ಳಬೇಕು. ಮೊಬೈಲು ಬೇರೆ ಕೋಣೆಯಲ್ಲಿರಲಿ. ಕೈಕಾಲು ಮುಖ ತೊಳೆದು, ವಿಭೂತಿ ಧರಿಸಿ, ಬೆನ್ನು ನೇರವಾಗಿ ಕುಳಿತುಕೊಳ್ಳಬೇಕು. ನೆಲದ ಮೇಲೆ ಕೂರಲಾಗದ ಹಿರಿಯರು ಕುರ್ಚಿಯ ಮೇಲೆ ಕುಳಿತರೂ ಲೋಪವಿಲ್ಲ.

ಇಷ್ಟಲಿಂಗವನ್ನು ಎಡ ಅಂಗೈಯಲ್ಲಿರಿಸಿ ಕಣ್ಣಿಗೆ ಹಿತವಾದ ದೂರದಲ್ಲಿ ಹಿಡಿದು, ಅದರ ಮೇಲಿನ ಬೆಳಕಿನ ಬಿಂದುವನ್ನು ನೋಡಬೇಕು. ಕಣ್ಣು ಉರಿದರೆ ಅಥವಾ ನೀರೂರಿದರೆ ರೆಪ್ಪೆ ಮುಚ್ಚಿ ವಿಶ್ರಮಿಸಬೇಕು. ಇದರಲ್ಲಿ ಹಟ ಸಲ್ಲದು. ಕಣ್ಣಿನ ಕಾಯಿಲೆಯುಳ್ಳವರು ಮೊದಲು ನೇತ್ರವೈದ್ಯರನ್ನು ಕೇಳಿಕೊಳ್ಳಬೇಕು. ಲಿಂಗದೀಕ್ಷೆ ಪಡೆಯದವರು ಕೇವಲ ಉಸಿರಿನ ಮೇಲೆ ಗಮನವಿಟ್ಟು ಇದೇ ಕ್ರಮವನ್ನು ಅನುಸರಿಸಬಹುದು.

ಅನಂತರ ನಾಲ್ಕು ಎಣಿಸುವಷ್ಟು ಹೊತ್ತು ಉಸಿರನ್ನು ಒಳಗೆಳೆದು, ಆರು ಎಣಿಸುವಷ್ಟು ಹೊತ್ತು ಹೊರಬಿಡಬೇಕು. ಒಳಗೆಳೆಯುವಾಗ “ಓಂ ನಮಃ”, ಬಿಡುವಾಗ “ಶಿವಾಯ” ಎಂದು ಮನದಲ್ಲಿಯೇ ಜಪಿಸಬೇಕು. ಹೀಗೆ ನಿಮಿಷಕ್ಕೆ ಸುಮಾರು ಆರು ಉಸಿರಾಗುತ್ತವೆ. ಮೊದಲ ವಾರ ಐದು ನಿಮಿಷ ಸಾಕು. ಮುಂದೆ ಹತ್ತು, ಇಪ್ಪತ್ತು ನಿಮಿಷಗಳಿಗೆ ಏರಿಸಬಹುದು. ನಡುವೆ ಸಾಲ, ಮಳೆ, ಮಗನ ಪರೀಕ್ಷೆ ನೆನಪಾಗಿಯೇ ಆಗುತ್ತವೆ. ನೆನಪಾದುದು ಸೋಲಲ್ಲ. ಮನಸ್ಸು ಹೊರಟುಹೋಯಿತೆಂದು ತಿಳಿದು ಮತ್ತೆ ಲಿಂಗಕ್ಕೆ ಮರಳುವುದೇ ಸಾಧನೆ. ನೂರು ಸಲ ಹೋದರೆ ನೂರು ಸಲ ಮರಳುವುದು.

ಇದು ಹೇಗೆ ಫಲಿಸುತ್ತದೆ?

ಹೃದಯದ ಬಡಿತ ನಮ್ಮ ಮಾತು ಕೇಳದು, ಉಸಿರು ಕೇಳುತ್ತದೆ. ನಿಧಾನವಾದ ದೀರ್ಘ ನಿಶ್ವಾಸ ವೇಗಸ್ ಎಂಬ ನರದ ಮೂಲಕ ಹೃದಯದ ವೇಗವನ್ನು ತಗ್ಗಿಸಿ, ದೇಹಕ್ಕೆ ಅಪಾಯವಿಲ್ಲವೆಂಬ ಸೂಚನೆಯನ್ನು ಮುಟ್ಟಿಸುತ್ತದೆ. ತುಂಬಿದ ಸೂಳೆಕೆರೆಯ ನೀರನ್ನು ತೂಬಿನಿಂದ ಹದವಾಗಿ ಬಿಟ್ಟಂತೆ ಇದು: ಕೆರೆ ಬರಿದಾಗುವುದಿಲ್ಲ, ಏರಿಯ ಮೇಲಿನ ಒತ್ತಡ ಇಳಿಯುತ್ತದೆ.

ಅಮೆರಿಕದಲ್ಲಿ 276 ಮಂದಿ ಆತಂಕ ರೋಗಿಗಳ ಮೇಲೆ ನಡೆಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಎಂಟು ವಾರಗಳ ಧ್ಯಾನ ತರಬೇತಿಯು ಎಸ್ಸಿಟಾಲೊಪ್ರಾಮ್ ಎಂಬ ಔಷಧಕ್ಕೆ ಕಡಿಮೆಯಿಲ್ಲದ ಫಲ ನೀಡಿತು. ಆದರೆ ಅದರಿಂದ ಔಷಧ ವ್ಯರ್ಥವೆಂದು ತಿಳಿಯಬಾರದು. ಔಷಧವೂ ಅಷ್ಟೇ ಫಲ ನೀಡಿತ್ತು. ಅಲ್ಲದೆ ಅಲ್ಲಿನವರು ಪ್ರತಿದಿನ 45 ನಿಮಿಷ ಅಭ್ಯಾಸ ಮಾಡಬೇಕಾಗಿತ್ತು, ವಾರಕ್ಕೊಮ್ಮೆ ತರಗತಿಗೂ ಹಾಜರಾಗಬೇಕಾಗಿತ್ತು. ಹಬ್ಬಕ್ಕೊಮ್ಮೆ ಕುಳಿತು ಏಳುವ ಧ್ಯಾನಕ್ಕೆ ಆ ಫಲವನ್ನು ನಿರೀಕ್ಷಿಸಲಾಗದು.

ಧ್ಯಾನದ ಮಿತಿ

ಕಣ್ಣು ಮುಚ್ಚಿ ಕುಳಿತಾಗ ಕೆಲವರಿಗೆ ಆತಂಕ ಹೆಚ್ಚುವುದುಂಟು. ಅಂಥವರು ಕಣ್ಣು ತೆರೆದು, ಎದ್ದು, ನಿಧಾನವಾಗಿ ನಡೆಯುತ್ತ ಜಪ ಮಾಡಲಿ. ಎದೆನೋವು ಬಂದು, ಅದು ತೋಳಿಗೆ ಹರಡಿ ಬೆವರಿದರೆ ಆತಂಕವೆಂದು ತಾವೇ ನಿರ್ಧರಿಸದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಮದ್ಯದಿಂದ ನಿದ್ರೆ ತರಿಸಿಕೊಳ್ಳುವವರು, ಇಲ್ಲದ ಧ್ವನಿಗಳು ಕೇಳಿಸುವವರು, ಬದುಕೇ ಬೇಡವೆನಿಸಿದವರು ಧ್ಯಾನವೊಂದನ್ನೇ ನಂಬಿ ಕಾಯಬಾರದು. ವೈದ್ಯರು ಕೊಟ್ಟ ಮಾತ್ರೆಯನ್ನು ಅವರನ್ನು ಕೇಳದೆ ನಿಲ್ಲಿಸಬಾರದು.

ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ನಿಗದಿತ ದಿನಗಳಂದು ಮನೋವೈದ್ಯರ ಸೇವೆ ಒದಗಿಸುವ ವ್ಯವಸ್ಥೆ ಇದೆ. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆಯಿದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಇನ್ನು ಆರಂಭದ ಪ್ರಶ್ನೆ. ಬಸವಾದಿ ಶರಣರ ಸಮೂಹದಲ್ಲಿ ವೈದ್ಯ ಸಂಗಣ್ಣನೆಂಬ ವಚನಕಾರನಿದ್ದ. ರೋಗಿಗಳಿಗೆ ಮದ್ದು ಕೊಡುವುದೇ ಅವನ ಕಾಯಕ. ಲಿಂಗವಂತರಿಗೆ ಮದ್ದು ಬೇಡವೆಂದಿದ್ದರೆ ಆ ಕಾಯಕಕ್ಕೆ ಶರಣರ ನಡುವೆ ಸ್ಥಾನವೇ ಇರುತ್ತಿರಲಿಲ್ಲ. ಕಾಯವನ್ನು ಪ್ರಸಾದವೆಂದು ಕಂಡವರು ಅದರ ಭಾಗವಾದ ಮಿದುಳಿನ ಆರೈಕೆಯನ್ನು ಅಲ್ಲಗಳೆಯಲಾರರು. ಆದ್ದರಿಂದ ಮಾತ್ರೆ ನುಂಗುವವನ ಭಕ್ತಿ ಕಡಿಮೆಯಲ್ಲ.

ಧ್ಯಾನ ಮಳೆಯನ್ನು ತರಿಸದು, ಸಾಲವನ್ನು ತೀರಿಸದು. ಸಾಲದ ಲೆಕ್ಕ ಬರೆದು ಸೊಸೈಟಿಯವರೊಡನೆ ಮಾತನಾಡಲು, ಬೆಳೆವಿಮೆಯ ಕೊನೆಯ ದಿನವನ್ನು ಮರೆಯದಿರಲು, ಮನೆಯವರೊಡನೆ ಕಷ್ಟ ಹೇಳಿಕೊಳ್ಳಲು ಬೇಕಾದ ಸ್ಥಿಮಿತವನ್ನು ಅದು ಕೊಡುತ್ತದೆ. ಆ ಸ್ಥಿಮಿತದಿಂದ ಎದ್ದು ಕಾಯಕಕ್ಕೆ ತೊಡಗಿದಾಗಲೇ ಪೂಜೆ ಪೂರ್ಣವಾಗುತ್ತದೆ. ಸದ್ಭಕ್ತರು ಇಂದಿನಿಂದಲೇ ಐದು ನಿಮಿಷದ ಅಭ್ಯಾಸವನ್ನು ಆರಂಭಿಸಲಿ. ಮನೆಯಲ್ಲಿ ಇಂತಹ ಕಳವಳದಿಂದ ಬಳಲುವವರಿದ್ದರೆ ಅವರನ್ನು ಜರೆಯದೆ, ಜೊತೆಗೆ ಕುಳಿತುಕೊಳ್ಳಲಿ. ಅಗತ್ಯವಿದ್ದರೆ ಜೊತೆಗೇ ಆಸ್ಪತ್ರೆಗೂ ಹೋಗಲಿ.